ಕಾವಲಿನ ಸೀಮೆ: ಚಳ್ಳಕೆರೆ, ಮೊಳಕಾಲ್ಮೂರುಗಳ ನೆಲ ಮತ್ತು ಜನ

ಮಕ್ಕಳಿಗೆ ಚರಿತ್ರೆ ಬೋಧಿಸುವಾಗ ನಾವು ಬಗ್ದಾದ್, ದೆಹಲಿ, ಶ್ರೀರಂಗಪಟ್ಟಣಗಳ ವೃತ್ತಾಂತವನ್ನು ಹೇಳುತ್ತೇವೆ. ಕಾಲಡಿಯ ನೆಲವನ್ನು ಮಾತ್ರ ಮರೆಯುತ್ತೇವೆ. ಚಿತ್ರದುರ್ಗ ಜಿಲ್ಲೆಯ ಈಶಾನ್ಯ ಅಂಚಿನಲ್ಲಿ ಆಂಧ್ರದ ಗಡಿಗೆ ತಾಗಿಕೊಂಡಿರುವ ಚಳ್ಳಕೆರೆ ಮತ್ತು ಮೊಳಕಾಲ್ಮೂರು ಹೀಗೆ ಮರೆತುಹೋದ ಸೀಮೆಗಳು.

ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ಈ ನಾಡು ರಾಜ್ಯದ ಅತ್ಯಂತ ಒಣ ಪ್ರದೇಶಗಳಲ್ಲೊಂದು. ಬಾಬಾಬುಡನ್‌ಗಿರಿ ಶ್ರೇಣಿಯಿಂದ ಇಳಿಯುವ ವೇದಾವತಿಗೆ ಹಿರಿಯೂರಿನ ಬಳಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದ ಅಣೆಕಟ್ಟು ಅಡ್ಡವಾಗಿದೆ. ಕೆಳಗಣ ಚಳ್ಳಕೆರೆಯಲ್ಲಿ ಅದು ಬಹುಕಾಲ ಮರಳಿನ ಹೊಳೆಯೇ. ಆದುದರಿಂದ ಇಲ್ಲಿನ ಜನ ಶೇಂಗಾ, ಕುರಿ, ಕಂಬಳಿ, ಎಣ್ಣೆಗಾಣಗಳನ್ನು ನಂಬಿದರು. ಮೊಳಕಾಲ್ಮೂರಿನವರು ರೇಷ್ಮೆ ಸೀರೆಯ ಮಗ್ಗ ಹಿಡಿದರು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 16,59,456. ಮ್ಯಾಸಬೇಡರು, ಕಾಡುಗೊಲ್ಲರು, ಕುರುಬರು, ಲಿಂಗಾಯತರು, ದಲಿತರು, ಮುಸ್ಲಿಮರು ಕೂಡಿ ಬಾಳುವ ಈ ಸೀಮೆಯ ಸಂತೆಯಲ್ಲಿ ಕನ್ನಡ, ತೆಲುಗು, ದಖನಿ ಮೂರೂ ಕೇಳಿಬರುತ್ತವೆ. ಹತ್ತಿ ಹಿಂಜುವ ನಮ್ಮ ನದಾಫ ಬಂಧುಗಳಲ್ಲಿ ಅನೇಕರ ಮನೆಮಾತು ಕನ್ನಡವೇ ಎಂಬುದನ್ನು ಪಟ್ಟಣದ ನಾವು ಅರಿತುಕೊಳ್ಳುವುದು ತಡವಾಗಿ!

ಮೊಳಕಾಲ್ಮೂರಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ತಂದೆತಾಯಿಯರ ಸೇವೆ, ಜೀವದಯೆ, ಸತ್ಯವಚನ, ಶಿಷ್ಯನು ಗುರುವಿಗೆ ತೋರಬೇಕಾದ ಗೌರವ ಇವೇ ಅವುಗಳ ಉಪದೇಶ. ಪಾಠ ಹೇಳುವವರಾದ ನಮಗೆ ಇನ್ನೊಂದು ಸಂಗತಿ ಹೆಚ್ಚು ಹಿಡಿಸಿತು: ಬ್ರಾಹ್ಮಿಯಲ್ಲಿ ಬರೆದ ಲಿಪಿಕಾರ ಚಪಡನು ಕೊನೆಯಲ್ಲಿ ತನ್ನ ಕಸುಬಿನ ಹೆಸರನ್ನು ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ವಾಯವ್ಯ ಗಡಿನಾಡಿನ ಲಿಪಿ ಈ ಬಂಡೆಯವರೆಗೆ ನಡೆದು ಬಂದಿತ್ತು.

ಆದರೆ ಈ ಸೀಮೆಯ ನಿಜವಾದ ಸಂಪತ್ತು ಹುಲ್ಲು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಸುಲ್ತಾನರು ‘ಅಮೃತ ಮಹಲ್’ ಎಂಬ ಹೆಸರಿತ್ತರು. ಫಿರಂಗಿ ಎಳೆಯುವ ಎತ್ತುಗಳಿಗಾಗಿ ಮೀಸಲಿದ್ದ ಕಾವಲುಗಳು 1799ರ ನಂತರ ಆಂಗ್ಲರ ಕೈಸೇರಿದವು. ಅರಸರು ಬದಲಾದರೂ ಹುಲ್ಲು ಉಳಿಯಿತು. ಕುರಿಗಾಹಿಗಳು ಅದನ್ನು ಆಶ್ರಯಿಸಿ ಬದುಕಿದರು.

2008ರಿಂದೀಚೆಗೆ ಚಳ್ಳಕೆರೆಯ ವರವು, ಉಳ್ಳಾರ್ತಿ, ಖುದಾಪುರ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು ರಕ್ಷಣಾ, ಅಣುಶಕ್ತಿ, ವಿಜ್ಞಾನ ಸಂಸ್ಥೆಗಳಿಗೆ ಹಂಚಲಾಯಿತು. ಗ್ರಾಮಸ್ಥರ ದೂರು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. 2023ರ ಏಪ್ರಿಲ್ 2ರಂದು ಇಲ್ಲಿನ ಓಡುಹಾದಿಯಲ್ಲಿ ಇಸ್ರೋದ ಮರುಬಳಕೆಯ ವಾಹನವು ತಾನಾಗಿಯೇ ಇಳಿದಾಗ ನಾಡೆಲ್ಲ ಹೆಮ್ಮೆಪಟ್ಟಿತು, ನಾವೂ ಹೆಮ್ಮೆಪಟ್ಟೆವು. ಆ ಓಡುಹಾದಿಯ ಸುತ್ತಲಿನ ಗೋಡೆಯಾಚೆ ಕುರಿಗಳನ್ನು ಎಲ್ಲಿಗೆ ಹೊಡೆಯಬೇಕೆಂಬ ಪ್ರಶ್ನೆ ಹಟ್ಟಿಗಳಲ್ಲಿ ಇನ್ನೂ ಇದೆ.