ಸೂರಿನ ಜೊತೆಗೆ ನೆರೆಯನ್ನೂ ಕಟ್ಟಿದವರು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು ಮುಂಬಯಿಯನ್ನು ಕಂಡವರಲ್ಲ. ಕಂಡಿದ್ದರೆ ‘ಬ್ಲಾಕು ಕೊಂಡು ನೋಡು’ ಎಂಬ ಮಾತನ್ನೂ ಸೇರಿಸುತ್ತಿದ್ದರೋ ಏನೋ! ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳಿಗೆ ಇದು ಅನುಭವದ ಮಾತು. ಕೈಗೆಟಕುವ ಬೆಲೆಗೆ ನಾಲ್ಕು ಗೋಡೆಗಳು ದೊರೆತವು, ನಿಜ. ಆದರೆ ನೀರು, ಶಾಲೆ, ರೇಷನ್ ಅಂಗಡಿ, ರಾತ್ರಿ ಬಾಗಿಲು ತಟ್ಟಿದರೆ ಬರುವ ವೈದ್ಯರು, ಕಷ್ಟಕಾಲಕ್ಕೆ ಒದಗುವ ನೆರೆಯವರು ಆ ಬೆಲೆಯಲ್ಲಿ ಸೇರಿರಲಿಲ್ಲ. ಇವೆಲ್ಲವನ್ನು ಕೂಡಿಸಿ ತಂದವರು ಯಾರು? ಈ ಪ್ರಶ್ನೆಯನ್ನು ಬೆನ್ನುಹತ್ತಿದರೆ ನಮ್ಮವರ ಇತಿಹಾಸದ ಒಂದು ಪುಟವೇ ತೆರೆದುಕೊಳ್ಳುತ್ತದೆ.

ಈ ಪುಟದ ಮೊದಲ ಸಾಲುಗಳು ಕನ್ನಡ ನಾಡಿಗೆ ಸಂಬಂಧಪಟ್ಟವು ಎಂಬುದು ಹೆಮ್ಮೆಯ ಸಂಗತಿ. ಭಾರತದ ಮೊದಲ ಗೃಹನಿರ್ಮಾಣ ಸಹಕಾರ ಸಂಘವೆಂದು ಹೆಸರಾದದ್ದು 1909ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಸಂಸ್ಥೆ. ಮುಂಬಯಿಯಲ್ಲಿ ಆ ಬೀಜವನ್ನು ಬಿತ್ತಿದವರು ಕೆನರಾ ಮೂಲದ ಸಾರಸ್ವತ ಸಮಾಜದ ರಾವ್ ಬಹದ್ದೂರ್ ಶ್ರೀಪಾದ ಸುಬ್ಬರಾವ್ ತಾಲ್ಮಕಿಯವರು. 1906ರಲ್ಲಿ ಅವರು ಶಾಮರಾವ್ ವಿಠಲ ಅವರ ಹೆಸರಿನಲ್ಲಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು; ಅದೇ ಮುಂದೆ ದೊಡ್ಡ ಬ್ಯಾಂಕಾಗಿ ಬೆಳೆಯಿತು. 1915ರಲ್ಲಿ ಗಾಮ್‌ದೇವಿಯಲ್ಲಿ ಸಾರಸ್ವತ ಗೃಹನಿರ್ಮಾಣ ಸಹಕಾರ ಸಂಘವು ತಲೆಯೆತ್ತಿತು. ಕಟ್ಟಡದ ಒಡೆತನ ಸಂಘದ್ದು, ವಾಸ ಸದಸ್ಯರದ್ದು. ಬಾಡಿಗೆದಾರರೇ ಎಲ್ಲರೂ ಕೂಡಿ ಮನೆಯೊಡೆಯರು! ಮೊದಲು ಉಳಿತಾಯ, ಆಮೇಲೆ ಸೂರು, ಇವೆರಡರ ಹಿಂದೆ ಪರಸ್ಪರ ಬಲ್ಲ ಜನ. ತಾಲ್ಮಕಿಯವರ ಈ ಕ್ರಮವನ್ನು ಮರೆಯಬಾರದು. ಅದು ಒಂದೇ ಸಮಾಜದವರಿಗಾಗಿ ಆದ ಕೆಲಸವಾಗಿತ್ತು ಎಂಬುದನ್ನೂ ಹೇಳಬೇಕು.

ಊರಿನಿಂದ ಬಂದ ಉಳಿದ ಬಡ ಕನ್ನಡಿಗರಿಗೆ ಚಾಳಿನ ಕೋಣೆ, ಹೋಟೆಲಿನ ಬೆಂಚು ಇವೇ ಆಶ್ರಯ. ಹಗಲಿಗೆ ದುಡಿದ ಹುಡುಗರು ಸಂಜೆ ರಾತ್ರಿಶಾಲೆಯಲ್ಲಿ ಓದಿದರು. ಮೊಗವೀರರು, ಬಿಲ್ಲವರು ಮತ್ತಿತರ ಸಮಾಜಗಳು ನಡೆಸಿದ ಆ ಕನ್ನಡ ರಾತ್ರಿಶಾಲೆಗಳಿಂದ ಎಷ್ಟೋ ಮಂದಿ ಗುಮಾಸ್ತರಾದರು, ಕೆಲವರು ಅಧಿಕಾರಿಗಳೂ ಆದರು. ಮದುವೆಯಾಗಿ ಸಂಸಾರ ಬೆಳೆದಾಗ ಮಾತ್ರ ಮುಂಬಯಿಯ ಬಾಗಿಲು ಮುಚ್ಚಿತ್ತು. 1947ರ ಬಾಡಿಗೆ ನಿಯಂತ್ರಣ ಕಾಯ್ದೆ ಬಾಡಿಗೆಗಳನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಒಳಗಿದ್ದವರಿಗೆ ಅದು ರಕ್ಷೆ, ಹೊರಗಿದ್ದವರಿಗೆ ಅಡ್ಡಗೋಡೆ. ಬಾಡಿಗೆಗೆಂದು ಕಟ್ಟುವವರು ಕಡಿಮೆಯಾದರು. ಪಗಡಿ ತೆರಲು ನಮ್ಮವರ ಕೈಯಲ್ಲಿ ಹಣವಿರಲಿಲ್ಲ.

ಆಗ ದಾರಿ ತೋರಿಸಿದ್ದು ರೈಲಿನ ಹಳಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಓಡಿದ ರೈಲು ಮರುವರ್ಷ ಕಲ್ಯಾಣಕ್ಕೂ ಮುಟ್ಟಿತ್ತು. ಶತಮಾನದ ಬಳಿಕ ಅದೇ ಹಳಿಯ ಗುಂಟ ಅಗ್ಗದ ನೆಲವನ್ನು ಅರಸುತ್ತ ನಮ್ಮವರು ಹೊರಟರು. 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆ, 1963ರ ಓನರ್‌ಶಿಪ್ ಫ್ಲ್ಯಾಟುಗಳ ಕಾಯ್ದೆ ಇವುಗಳ ನೆರಳಿನಲ್ಲಿ ಡೊಂಬಿವಲಿ, ಕಲ್ಯಾಣಗಳಲ್ಲಿ ಮೂರು ನಾಲ್ಕು ಮಾಳಿಗೆಯ ಕಟ್ಟಡಗಳು ಎದ್ದವು. ಹೆಂಡತಿಯ ಬಳೆ, ಭವಿಷ್ಯನಿಧಿಯ ಸಾಲ, ಊರಿನ ಗದ್ದೆಯ ಪಾಲು ಎಲ್ಲವೂ ಸೇರಿ ಒಂದು ಕೋಣೆ, ಒಂದು ಅಡುಗೆಮನೆಯಾಯಿತು.

ಚಾಳು ಬಿಟ್ಟು ಬ್ಲಾಕಿಗೆ ಬಂದಾಗ ಮನೆಯೊಳಗೇ ನಲ್ಲಿ ದೊರೆಯಿತು, ಬಾಗಿಲಿಗೆ ಅಗುಳಿ ದೊರೆಯಿತು; ಆದರೆ ಎಲ್ಲರೂ ಹಾದುಹೋಗುವ ಆ ಉದ್ದನೆಯ ಜಗಲಿ ಕೈತಪ್ಪಿತು. ಚಾಳು ಕೇಳದೆಯೇ ಕೊಡುತ್ತಿದ್ದ ನೆರೆಯನ್ನು ಇಲ್ಲಿ ಕೈಯಾರೆ ಕಟ್ಟಿಕೊಳ್ಳಬೇಕಾಯಿತು. ಠಾಣೆಗೆ ಮಹಾನಗರಪಾಲಿಕೆ ಬಂದದ್ದು 1982ರಲ್ಲಿ, ಕಲ್ಯಾಣ-ಡೊಂಬಿವಲಿಗೆ 1983ರಲ್ಲಿ, ನವಿ ಮುಂಬಯಿಗೆ 1992ರಲ್ಲಿ. ಅದಕ್ಕೆ ಎಷ್ಟೋ ಮೊದಲೇ ಜನ ಬಂದಿದ್ದರು.

ಈ ಕಟ್ಟುವ ಕೆಲಸದಲ್ಲಿ ಮೂರು ಕೈಗಳು ಸೇರಿದವು. ಮೊದಲನೆಯದು ಕಟ್ಟಡದ ಸೊಸೈಟಿ. ಲೋಕಲ್ ಗಾಡಿಯಲ್ಲಿ ನಿಂತೇ ಬಂದು, ಊಟಕ್ಕೆ ಮೊದಲು ಪಂಪು, ತೆರಿಗೆ, ಝಾಡೂವಾಲನ ಸಂಬಳ ಇವುಗಳ ಲೆಕ್ಕ ಬರೆದ ಗೌರವ ಕಾರ್ಯದರ್ಶಿಗಳನ್ನು ಯಾವ ಇತಿಹಾಸವೂ ಹೆಸರಿಸಿಲ್ಲ. ಮರಾಠಿ, ಗುಜರಾತಿ, ತಮಿಳರೊಡನೆ ಒಂದೇ ಸಭೆಯಲ್ಲಿ ಕುಳಿತು ಜಗಳವಾಡಿ, ಮತ್ತೆ ಚಹಾ ಕುಡಿದು ಎದ್ದವರು ಇವರು. ಜಾತಿಗೊಂದು ಸಂಘ ಕಟ್ಟಿಕೊಂಡಿದ್ದ ನಮಗೆ ನೀರಿನ ಟಾಂಕಿ ಎಲ್ಲರದು ಎಂಬ ಪಾಠವನ್ನು ಸೊಸೈಟಿಯೇ ಕಲಿಸಿತು.

ಎರಡನೆಯ ಕೈ ನಮ್ಮ ಸಂಘ ಸಂಸ್ಥೆಗಳದು. ಡೊಂಬಿವಲಿಯ ಕರ್ನಾಟಕ ಸಂಘವು ಮಂಜುನಾಥ ವಿದ್ಯಾಲಯವನ್ನು ನಡೆಸಿಕೊಂಡು ಬಂದದ್ದು ನಮಗೆಲ್ಲ ತಿಳಿದದ್ದೇ. ಸಾಲಕ್ಕೆ ನಮ್ಮವರೇ ಕಟ್ಟಿದ ಮೊಗವೀರ ಬ್ಯಾಂಕು, 1978ರ ಭಾರತ್ ಬ್ಯಾಂಕು ಮುಂತಾದ ಸಹಕಾರಿ ಬ್ಯಾಂಕುಗಳಿದ್ದವು. ಯಕ್ಷಗಾನ, ಭಜನೆಗಳಿಗೆ ಸೇರಿದ ಜನರೇ ಆಸ್ಪತ್ರೆಗೆ ರಕ್ತ ಬೇಕಾದಾಗ, ಹುಡುಗನಿಗೆ ನೌಕರಿ ಬೇಕಾದಾಗ, ಸಾವಿನ ಮನೆಯಲ್ಲಿ ಹೆಗಲು ಬೇಕಾದಾಗ ಒದಗಿದರು. 1982ರ ಜನವರಿಯಲ್ಲಿ ತೊಡಗಿದ ಬಟ್ಟೆಗಿರಣಿಗಳ ಮುಷ್ಕರ ಎರಡೂವರೆ ಲಕ್ಷದಷ್ಟು ಕಾರ್ಮಿಕರ ಅನ್ನವನ್ನು ಅಲುಗಾಡಿಸಿತಷ್ಟೆ. ಅಂಥ ಕಾಲದಲ್ಲಿ ಮನೆಯ ಕಂತಿಗಿಂತ ದೊಡ್ಡದು ನೆರೆಯವರ ಒಂದು ಸೇರು ಅಕ್ಕಿ.

ಮೂರನೆಯ ಕೈ ಹೆಂಗಸರದು. ಇದು ಯಾವ ಠರಾವು ಪುಸ್ತಕದಲ್ಲೂ ದಾಖಲಾಗಿಲ್ಲ. ಗಂಡಸರು ಮುಂಜಾನೆಯ ಗಾಡಿ ಹಿಡಿದು ಹೋದಮೇಲೆ ಕಟ್ಟಡವನ್ನು ನಡೆಸಿದವರು ಇವರೇ. ರೇಷನ್ನಿನ ಸಾಲಿನಲ್ಲಿ ಒಬ್ಬಳು ನಿಂತರೆ ಮತ್ತೊಬ್ಬಳು ನಾಲ್ಕು ಮನೆಯ ಕೂಸುಗಳನ್ನು ನೋಡಿಕೊಂಡಳು. ನೀರು ಬರುವ ಹೊತ್ತು, ಲಸಿಕೆ ಹಾಕುವ ದಿನ, ಬಾಣಂತಿಯ ಪಥ್ಯ, ಎದುರುಮನೆಯ ಕೀಲಿಕೈ ಇವೆಲ್ಲ ಅವರ ತಲೆಯಲ್ಲಿದ್ದವು. ಹಣ ತೆತ್ತು ಪಡೆಯುವ ಯಾವ ವ್ಯವಸ್ಥೆಯೂ ಈ ಹೊಂದಾಣಿಕೆಗೆ ಸಮವಲ್ಲ.

ಖಾಡಿಯ ಆಚೆ ನವಿ ಮುಂಬಯಿಯ ಕತೆ ತುಸು ಬೇರೆ. 1970ರಲ್ಲಿ ಸ್ಥಾಪನೆಯಾದ ಸಿಡ್ಕೊ, 344 ಚದರ ಕಿಲೋಮೀಟರುಗಳಲ್ಲಿ ಯೋಜನೆ ಹಾಕಿಯೇ ನಗರ ಕಟ್ಟಿತು. ಶಾಲೆಗೆ, ಪೇಟೆಗೆ ಮೊದಲೇ ಜಾಗ ಬಿಟ್ಟಿತು. ಬೆಲೆಬಾಳುವ ನಿವೇಶನಗಳ ಆದಾಯದಿಂದ ಬಡವರ ಮನೆಯ ಬೆಲೆ ತಗ್ಗಿಸಿತು. 1980ರ ದಶಕದಲ್ಲಿ ಬೇಲಾಪುರದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು ಏಳೇಳು ಮನೆಗಳನ್ನು ಒಂದೊಂದು ಅಂಗಳದ ಸುತ್ತ ಜೋಡಿಸಿದರು. ಅಂಗಳವಿದ್ದಲ್ಲಿ ನೆರೆ ಹುಟ್ಟುತ್ತದೆ ಎಂಬುದನ್ನು ಅವರು ಬಲ್ಲವರು. ಆದರೂ ವಾಶಿಗೆ ರೈಲು ಬಂದದ್ದು 1992ರಲ್ಲಿ. ಅಲ್ಲಿಯ ತನಕ ಬಸ್ಸೇ ಗತಿ. ಯೋಜನೆಯ ಕಾಗದದ ಮೇಲಿನ ಊರಿಗೆ ಜೀವ ತುಂಬಿದವರು ಇಲ್ಲಿಯೂ ನಿವಾಸಿಗಳೇ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಈ ನಗರ 95 ಹಳ್ಳಿಗಳ ನೆಲದಲ್ಲಿ ಎದ್ದದ್ದು. ನ್ಯಾಯವಾದ ಪರಿಹಾರ ಕೇಳಿ ದಿ. ಬಾ. ಪಾಟೀಲರ ಮುಂದಾಳತನದಲ್ಲಿ ಹೋರಾಡಿದ ರೈತರಲ್ಲಿ ಐವರು 1984ರ ಜನವರಿಯಲ್ಲಿ ಗೋಲಿಬಾರಿಗೆ ಬಲಿಯಾದರು. ಆಗ್ರಿ, ಕೋಳಿ ಬಂಧುಗಳ ಗದ್ದೆಯ ಮೇಲೆ ನಮ್ಮ ಅಗ್ಗದ ಮನೆ ನಿಂತಿದೆಯೆಂಬ ಅರಿವು ನಮಗಿರಬೇಕು. ನೆರೆ ಎಂದರೆ ಅವರೂ ಸೇರಿ.

ಈ ಹಳೆಯ ಕತೆ ಇಂದು ಯಾಕೆ ಬೇಕು? 2013ರ ಏಪ್ರಿಲಿನಲ್ಲಿ ಮುಂಬ್ರಾ ಬಳಿ ಅನಧಿಕೃತ ಕಟ್ಟಡವೊಂದು ಕುಸಿದು 74 ಮಂದಿ ಸತ್ತರು. ಅಗ್ಗದ ಸೂರು ಬೇಕಾದವರ ಬೆನ್ನಿಗೆ ಕಾಗದ ಪತ್ರ ಪರೀಕ್ಷಿಸಿ ಹೇಳುವವರು ಇಲ್ಲದಿದ್ದರೆ ಆಗುವ ಅನಾಹುತ ಎಂಥದೆಂದು ಅದು ತೋರಿಸಿತು. ನಮ್ಮ ಹಳೆಯ ಕಟ್ಟಡಗಳಿಗೂ ವಯಸ್ಸಾಗಿದೆ. ಬಿಲ್ಡರನು ನೆಲದ ಹಕ್ಕನ್ನು ಸೊಸೈಟಿಗೆ ಬರೆದುಕೊಡದಿದ್ದರೂ ಅದನ್ನು ಪಡೆಯುವ ದಾರಿಯನ್ನು 2008ರ ತಿದ್ದುಪಡಿ ತೆರೆದಿದೆ. ಅರ್ಜಿ ಹಾಕದ ಸೊಸೈಟಿಗಳು ಇನ್ನೂ ಇವೆ. ಅತ್ತ 2018ರಲ್ಲಿ ತಳೋಜಾ, ಖಾರಘರ್ ಮೊದಲಾದೆಡೆಗಳ 14,838 ಮನೆಗಳಿಗೆ ಸಿಡ್ಕೊ ಚೀಟಿ ಎತ್ತಿತು. ಚೀಟಿಯಲ್ಲಿ ಮನೆ ಬರುತ್ತದೆ, ನೆರೆ ಬರುವುದಿಲ್ಲ.

ನಮ್ಮ ಸಂಘಗಳು ದೊಡ್ಡ ಯೋಜನೆಯನ್ನೇನೂ ಹಾಕಬೇಕಾಗಿಲ್ಲ. ವಾರಕ್ಕೊಂದು ಸಂಜೆ, ಒಂದು ಮೇಜು, ಇಬ್ಬರು ನಿವೃತ್ತರು ಸಾಕು. ಹೊಸದಾಗಿ ಬಂದವರಿಗೆ ಶಾಲೆ ಎಲ್ಲಿ, ದವಾಖಾನೆ ಎಲ್ಲಿ, ಸೊಸೈಟಿಯ ನೋಂದಣಿ ಹೇಗೆ ಎಂದು ಹೇಳುವುದು. ಒಂಟಿಯಾಗಿರುವ ಹಿರಿಯರ ಬಾಗಿಲನ್ನು ತಟ್ಟಿ ಬರುವುದು. ಕೇಳಿ ಬಂದವರು ಕನ್ನಡಿಗರೇ ಆಗಿರಬೇಕೆಂದಿಲ್ಲ. ನಮ್ಮ ತಾಯಂದಿರು ಕೂಲಿಯಿಲ್ಲದೆ, ಹೆಸರಿಲ್ಲದೆ ಮಾಡಿದ ಕೆಲಸವಿದು. ಅದರ ಋಣ ನಮ್ಮ ಮೇಲಿದೆ.