ಬೋರ್ಡ್ ಕಂಪನಿಯದ್ದು, ಕೇಸಿನ ಖರ್ಚು ಯಾರದ್ದು?

ಫ್ರಾಂಚೈಸಿ ತಗೊಳ್ಳೋದು ಅಂದರೆ ಇನ್ನೊಬ್ಬರ ಹೆಸರನ್ನು ಬಾಡಿಗೆಗೆ ಪಡೆದ ಹಾಗೆ. ಶುರುವಿನಲ್ಲೇ ದೊಡ್ಡ ಮೊತ್ತ ಕಟ್ಟಬೇಕು, ಆಮೇಲೆ ಸಾಮಾನ್ಯವಾಗಿ ತಿಂಗಳು ತಿಂಗಳು ರಾಯಲ್ಟಿ. ಆ ಹೆಸರು ತನ್ನದು ಅಂತ ಮೂರನೆಯವರು ಯಾರೋ ಕೋರ್ಟಿಗೆ ಹೋದರೆ? ಕಂಪನಿಯ ಜೊತೆಗೆ ಅಂಗಡಿಯವರನ್ನೂ ಪ್ರತಿವಾದಿ ಮಾಡಬಹುದು, ಯಾಕಂದರೆ ಬೋರ್ಡ್ ಹಾಕಿಕೊಂಡು ವ್ಯಾಪಾರ ಮಾಡ್ತಿರೋದು ಅವರೇ. ವಕೀಲರ ಫೀಸು ಯಾರು ಕೊಡಬೇಕು ಅನ್ನೋ ಪ್ರಶ್ನೆ ಹುಟ್ಟೋದು ಇಲ್ಲಿ.

ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಸಹಿಗೆ ಮುಂಚೆಯೇ ಎತ್ತುವಂತೆ ನಿಯಮ ಇದೆ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1978ರಲ್ಲಿ ಫ್ರಾಂಚೈಸಿ ನಿಯಮ ಹೊರಡಿಸಿ, 2007ರಲ್ಲಿ ತಿದ್ದಿತು. ಕರಾರಿಗೆ ಸಹಿ ಹಾಕಿಸುವ ಕನಿಷ್ಠ 14 ದಿನ ಮುಂಚೆ ಕಂಪನಿ 23 ವಿಷಯಗಳ ವಿವರ ಕೊಡಬೇಕು. ಅದರಲ್ಲಿ 13ನೆಯದು ಟ್ರೇಡ್‌ಮಾರ್ಕ್. ಕೇಸು ಬಿದ್ದರೆ ಕಂಪನಿ ಜೊತೆ ನಿಲ್ಲುತ್ತಾ, ಖರ್ಚು ತುಂಬಿಕೊಡುತ್ತಾ, ಕೇಸು ನಡೆಸುವ ಹಿಡಿತ ಯಾರದ್ದು, ಹೆಸರು ಬದಲಾದರೆ ಅಂಗಡಿಯವರ ಹಕ್ಕೇನು ಅನ್ನೋದನ್ನೆಲ್ಲ ಬರೆದು ಹೇಳಬೇಕು. ಗಮನಿಸಿ, ಖರ್ಚು ಕೊಡಲೇಬೇಕು ಅಂತ ಈ ನಿಯಮ ಹೇಳಲ್ಲ. 'ಕೊಡಲ್ಲ' ಅಂತ ಬಾಯಿಬಿಟ್ಟು ಹೇಳಿಸುತ್ತೆ, ಅಷ್ಟೇ. ಆದರೂ ಅದು ಸಣ್ಣದಲ್ಲ.

ನಮ್ಮಲ್ಲಿ ಫ್ರಾಂಚೈಸಿಗೇ ಅಂತ ಪ್ರತ್ಯೇಕ ಕಾಯ್ದೆ ಇಲ್ಲ. ಎಲ್ಲವೂ ಕರಾರಿನ ಮೇಲೆ ನಿಂತಿದೆ, ಕರಾರು ಬರೆಯೋದು ಕಂಪನಿಯ ವಕೀಲರು. ಹಾಗಾಗಿ ಈ ಕರಾರುಗಳನ್ನು ನಾನು ಹಿಂದಿನ ಪುಟಗಳಿಂದ ಓದೋದು. ಅಂಗಡಿಯವರು ಕಂಪನಿಗೆ ನಷ್ಟ ತುಂಬಿಕೊಡಬೇಕಾದ ಕಲಮು ಉದ್ದಕ್ಕೆ ಇರುತ್ತೆ. ಕಂಪನಿ ಅಂಗಡಿಯವರಿಗೆ ತುಂಬಿಕೊಡುವ ಕಲಮು ಇದ್ದರೂ ಗಿಡ್ಡ, ಅದಕ್ಕೂ ಷರತ್ತುಗಳ ಬಾಲ. ನೋಟಿಸ್ ಬಂದ ಕೂಡಲೇ ತಿಳಿಸಬೇಕು, ಕೇಸನ್ನು ಪೂರ್ತಿ ಕಂಪನಿ ಕೈಗೆ ಬಿಡಬೇಕು, ಲೋಗೋವನ್ನು ಅವರು ಹೇಳಿದ ಹಾಗೇ ಬಳಸಿರಬೇಕು. ಬೋರ್ಡಿನ ಬಣ್ಣ ಸ್ವಲ್ಪ ಬದಲಿಸಿದ್ದರೂ 'ನೀವು ಷರತ್ತು ಮುರಿದಿರಿ' ಅನ್ನೋಕೆ ದಾರಿ ಸಿಗುತ್ತೆ.

1872ರ ಭಾರತೀಯ ಕರಾರು ಕಾಯ್ದೆ ಸ್ವಲ್ಪ ನೆರವಿಗೆ ಬರುತ್ತೆ. ನಷ್ಟ ತುಂಬಿಕೊಡುವ ಮಾತು ಕರಾರಿನಲ್ಲಿದ್ದರೆ, ಸೆಕ್ಷನ್ 125ರ ಪ್ರಕಾರ ಕೋರ್ಟ್ ಹೇರಿದ ಪರಿಹಾರವನ್ನೂ ಕೇಸಿನ ಖರ್ಚನ್ನೂ ಕೇಳಬಹುದು. ಆದರೆ ಖರ್ಚು ಸಿಗಬೇಕಾದರೆ ಕಂಪನಿಯ ಒಪ್ಪಿಗೆ ಪಡೆದು ಕೇಸು ನಡೆಸಿರಬೇಕು, ಇಲ್ಲವೇ ಅದರ ಸೂಚನೆ ಮೀರದೆ ವಿವೇಕದಿಂದ ನಡೆದುಕೊಂಡಿರಬೇಕು. ಅಂದರೆ ಸಿಟ್ಟಿನಲ್ಲಿ ತಾವೇ ವಕೀಲರನ್ನಿಟ್ಟು ಆಮೇಲೆ ಬಿಲ್ ಕಳಿಸಿದರೆ ಹಣ ಬರೋದು ಕಷ್ಟ. ಮೊದಲು ಕೈಯಿಂದ ಕಟ್ಟಿ ಆಮೇಲೇ ಕೇಳಬೇಕು ಅಂತೇನೂ ಇಲ್ಲ. ಹೊಣೆ ಖಚಿತವಾಗಿದ್ದರೆ ಮುಂಚೆಯೇ ಕೇಳಬಹುದು ಅಂತ ಬಾಂಬೆ ಹೈಕೋರ್ಟ್ 1942ರಲ್ಲೇ ಹೇಳಿದೆ.

ಇನ್ನೊಂದು ಕಡೆಯಿಂದಲೂ ನೋಡಿ. ಎದುರಿನ ಬೀದಿಯಲ್ಲಿ ಯಾರೋ ಅದೇ ಹೆಸರಿನ ನಕಲಿ ಅಂಗಡಿ ಹಾಕಿದರು ಅಂತಿಟ್ಟುಕೊಳ್ಳಿ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಸೆಕ್ಷನ್ 53ರ ಪ್ರಕಾರ, ನೋಂದಾಯಿತ ಬಳಕೆದಾರ ಅಂತ ದಾಖಲಾಗದೆ ಬರೀ ಅನುಮತಿ ಪಡೆದವರು ಉಲ್ಲಂಘನೆಯ ದಾವೆ ಹೂಡುವಂತಿಲ್ಲ. ನೋಂದಾಯಿಸಿಕೊಂಡವರಿಗೆ ಸೆಕ್ಷನ್ 52 ಆ ಹಕ್ಕು ಕೊಡುತ್ತೆ, ಅದೂ ಕರಾರಿಗೆ ಒಳಪಟ್ಟು. ಕಂಪನಿ ಸುಮ್ಮನಿದ್ದರೆ ಅಂಗಡಿಯವರು ಗಿರಾಕಿ ಕಳ್ಕೊಂಡು ಕೂರಬೇಕು, ರಾಯಲ್ಟಿ ಮಾತ್ರ ಕಟ್ಟುತ್ತಾ ಇರಬೇಕು.

ವಕೀಲರ ಫೀಸಿಗಿಂತ ದೊಡ್ಡ ಹೊಡೆತ ಬೇರೆ ಇದೆ. ಕಂಪನಿ ಕೇಸು ಸೋತರೆ, ಅಥವಾ ರಾಜಿ ಮಾಡಿಕೊಂಡರೆ, ಹೆಸರು ಬದಲಾಗಬಹುದು. ಬೋರ್ಡು, ಮೆನು, ಪ್ಯಾಕಿಂಗ್, ಸಮವಸ್ತ್ರ ಎಲ್ಲ ಹೊಸದಾಗಿ ಮಾಡಿಸಬೇಕು. ಜನ ಗುರುತಿಸುತ್ತಿದ್ದ ಹೆಸರೂ ಹೋಯ್ತು. ಇಂಥ ವ್ಯಾಜ್ಯಗಳು ಬೇಗ ಮುಗಿಯಲ್ಲ ಬೇರೆ. ಪುಣೆಯ 'ಬರ್ಗರ್ ಕಿಂಗ್' ಹೋಟೆಲ್ ಫ್ರಾಂಚೈಸಿ ಅಲ್ಲ, ಆದರೆ ಹೆಸರಿನ ಜಗಳ ಎಷ್ಟು ಎಳೆಯುತ್ತೆ ಅನ್ನೋಕೆ ಉದಾಹರಣೆ: ಅಮೆರಿಕದ ಕಂಪನಿ ಅದರ ಮೇಲೆ 2011ರಲ್ಲಿ ಹೂಡಿದ ದಾವೆಗೆ ಜಿಲ್ಲಾ ನ್ಯಾಯಾಲಯದ ತೀರ್ಪು ಬಂದದ್ದು 2024ರಲ್ಲಿ. ಆಮೇಲೆ ಮೇಲ್ಮನವಿ.

ಸ್ಟಾರ್ಟ್‌ಅಪ್, ಸ್ವಉದ್ಯೋಗ ಅಂತ ಯುವಕರನ್ನು ಹುರಿದುಂಬಿಸುವ ಸರ್ಕಾರಗಳು 14 ದಿನ ಮುಂಚೆ ಮಾಹಿತಿ ಕೊಡಿ ಅನ್ನುವಷ್ಟು ಸಣ್ಣ ನಿಯಮವನ್ನಾದರೂ ತರಬಹುದು. ಅಲ್ಲಿಯವರೆಗೆ ಸಹಿ ಹಾಕುವವರು ನಾಲ್ಕು ವಿಷಯ ಬರಹದಲ್ಲೇ ಕೇಳಬೇಕು: ಟ್ರೇಡ್‌ಮಾರ್ಕ್ ನೋಂದಣಿ ಆಗಿದೆಯೋ ಬರೀ ಅರ್ಜಿ ಹಾಕಿದ್ದಾರೋ, ಕೇಸಿನ ಖರ್ಚು ಎಷ್ಟು ದಿನದೊಳಗೆ ಕೊಡ್ತಾರೆ, ಹೆಸರು ಬದಲಾದರೆ ಬೋರ್ಡಿನ ದುಡ್ಡು ಯಾರದ್ದು, ಅಲ್ಲಿಯವರೆಗೆ ರಾಯಲ್ಟಿ ನಿಲ್ಲಿಸಬಹುದಾ.