ಎರೆಹುಳುವಿನ ಎರಕ: ಅಕ್ರನ್ ಊರಿನ ಒಂದು ಅಡುಗೆಮನೆ ಕಥೆ

ಇವತ್ತಿನ ವಿಷಯ ಸ್ವಲ್ಪ ವಿಚಿತ್ರ ಅನ್ನಿಸಬಹುದು: ಅಮೆರಿಕದವರು ಮನೆಯಲ್ಲೇ ಪ್ಲಾಸ್ಟಿಕ್ ಹುಳು ಮಾಡಿ ಮೀನು ಹಿಡಿಯೋಕೆ ಶುರು ಮಾಡಿದ ಕಥೆ. ನಮ್ಮಲ್ಲಿ ಗಾಳಕ್ಕೆ ಸಿಕ್ಕಿಸೋದಕ್ಕೆ ಎರೆ ಅಂತೀವಿ, ಅದಕ್ಕೆ ಬಳಸೋ ಹುಳು ಎರೆಹುಳು. ದೋಸೆ ಎರೆಯೋದು, ನೀರೆರೆಯೋದು ಅನ್ನೋದರಲ್ಲೂ ಎರೆ ಇದೆ. ಲೋಹ ಕರಗಿಸಿ ಅಚ್ಚಿಗೆ ಹೊಯ್ದರೆ ಎರಕ. ಈ ಕಥೆಯಲ್ಲಿ ಇವೆಲ್ಲ ಒಂದೇ ಒಲೆಯ ಮೇಲೆ ಸೇರ್ತವೆ.

ಊರು ಒಹಾಯೋ ರಾಜ್ಯದ ಅಕ್ರನ್. ಗುಡ್‌ಇಯರ್, ಫೈರ್‌ಸ್ಟೋನ್, ಗುಡ್‌ರಿಚ್ ಎಲ್ಲ ಅಲ್ಲಿಯವೇ, ಆಗಿನ ಟೈರಿನ ರಾಜಧಾನಿ. 1926ರಲ್ಲಿ ಗುಡ್‌ರಿಚ್ ಕಂಪನಿಯಲ್ಲಿ ವಾಲ್ಡೋ ಸೀಮನ್ ಅನ್ನೋ ಕೆಮಿಸ್ಟ್‌ಗೆ ಸಿಕ್ಕಿದ್ದ ಕೆಲಸ, ರಬ್ಬರನ್ನ ಲೋಹಕ್ಕೆ ಗಟ್ಟಿಯಾಗಿ ಅಂಟಿಸೋ ಗೋಂದು ಹುಡುಕೋದು. ಅವನು ಪಿವಿಸಿ ಪ್ರಯತ್ನ ಮಾಡಿದ. ಪಿವಿಸಿ ಹೊಸದೇನಲ್ಲ, 1872ರಲ್ಲೇ ಜರ್ಮನಿಯ ಬೌಮನ್ ಬಿಸಿಲಿಗಿಟ್ಟ ಗಾಜಿನ ಪಾತ್ರೆಯಲ್ಲಿ ಅದರ ಬಿಳಿ ಪುಡಿ ನೋಡಿದ್ದ. ಆದ್ರೆ ಗಡುಸು, ಬೇಗ ಹಾಳಾಗೋ ವಸ್ತು, ಯಾರಿಗೂ ಬೇಡವಾಗಿತ್ತು. ಸೀಮನ್ ಅದನ್ನ ಹೆಚ್ಚು ಶಾಖಕ್ಕೂ ಆವಿಯಾಗದ ದ್ರಾವಕದಲ್ಲಿ ಕಾಯಿಸಿದ. ಗೋಂದು ಬರಲಿಲ್ಲ, ಯಾವುದಕ್ಕೂ ಅಂಟದ, ಬಗ್ಗುವ, ಪುಟಿಯುವ ಲೋಳೆಯಂಥದ್ದು ಬಂತು.

ಯಾರಿಗೆ ಬೇಕು ಇದು? ಸೀಮನ್ ಅದನ್ನ ಪರದೆ ಬಟ್ಟೆಗೆ ಬಳಿದು ಕಂಪನಿಯ ಉಪಾಧ್ಯಕ್ಷನ ಮೇಜಿನ ಕಾಗದಗಳ ಮೇಲೆ ಹಾಸಿ, ಹೂಜಿಯ ನೀರು ಸುರಿದೇಬಿಟ್ಟ ಅಂತ ಕಥೆ ಇದೆ. ಕಾಗದ ನೆನೆಯಲಿಲ್ಲ. ಡೆಮೊ ಅಂದ್ರೆ ಇದಪ್ಪ, ನಮ್ಮ ಪಿಪಿಟಿ ಯಾವ ಲೆಕ್ಕ! ಪೇಟೆಂಟ್ 1933ರಲ್ಲಿ ಬಂತು. ಪುಣೆಯಲ್ಲೋ ಹೈದರಾಬಾದಿನಲ್ಲೋ ಕೂತು ಇದನ್ನ ಓದ್ತಿರೋ ನಿಮ್ಮ ಚಾರ್ಜರ್ ವೈರಿನ ಮೆತ್ತನೆ ಹೊದಿಕೆ ಇದೇ ವಂಶದ್ದಿರಬಹುದು.

ಇಪ್ಪತ್ತಮೂರು ವರ್ಷ ಮುಂದೆ ಬನ್ನಿ. 1949, ಅದೇ ಅಕ್ರನ್. ನಿಕ್ ಕ್ರೀಮ್ ಅನ್ನೋ ಕಾರ್ಖಾನೆ ಕೆಲಸಗಾರ, ಮೀನು ಹಿಡಿಯೋ ಹುಚ್ಚು. ಅವನೂ ಹೆಂಡತಿ ಕಾಸ್ಮಾನೂ ಮನೆಯಲ್ಲೇ ನಿಜವಾದ ಎರೆಹುಳುವಿನಿಂದ ಅಚ್ಚು ತೆಗೆದು, ವಿನೈಲ್, ಎಣ್ಣೆ, ಬಣ್ಣ ಕಾಯಿಸಿ ಅದಕ್ಕೆ ಹೊಯ್ದರು. ರಬ್ಬರ್ ಹುಳುಗಳು ಮುಂಚೆಯೂ ಇದ್ವು, ಆದ್ರೆ ಗಡುಸು. ಇದು ನೀರಲ್ಲಿ ತಾನಾಗೇ ಅಲುಗಾಡೋ ಹುಳು. 1951ರ ಹೊತ್ತಿಗೆ ಅಂಚೆ ಮೂಲಕ ಮಾರಾಟ ಶುರುವಾಯ್ತು, ಒಂದು ಡಾಲರಿಗೆ ಐದು ಹುಳು. ಆಮೇಲೆ ಟೆಕ್ಸಸ್‌ನ ಟೈಲರ್‌ನಲ್ಲಿ ಕಾರ್ಖಾನೆಯೇ ಬಂತು.

ಸೀಮನ್ ಮತ್ತು ಕ್ರೀಮ್ ಪರಸ್ಪರ ಪರಿಚಿತರು ಅಂತ ನಾನು ಹೇಳ್ತಿಲ್ಲ. ನನಗೆ ಮುಖ್ಯ ಅನ್ನಿಸೋದು ಬೇರೆ. ಲ್ಯಾಬಿನಲ್ಲಿ ಹುಟ್ಟಿದ ವಸ್ತುವಿಗೆ ಲ್ಯಾಬಿನವರು ಕನಸಿನಲ್ಲೂ ನೆನೆಯದ ಕೆಲಸ ಕೊಟ್ಟದ್ದು ಪಗಾರದ ಒಬ್ಬ ಕೆಲಸಗಾರನ ಮನೆ. ಹೆಸರು ಹೇಳುವಾಗ ಎಲ್ಲರೂ ನಿಕ್ ಅಂತಾರೆ, ಕಾಸ್ಮಾ ಬಿಟ್ಟುಹೋಗ್ತಾಳೆ. ಒಲೆ ಮುಂದೆ ಇಬ್ಬರೂ ನಿಂತಿದ್ರು ಸ್ವಾಮಿ.

ಈಗ ಕೈಕೆಲಸಕ್ಕೆ ಬರೋಣ. ಕ್ರೀಮ್ ಹುಳು ಹೆಸರು ಮಾಡಿದ್ದು ಬಾಸ್ ಅನ್ನೋ ದೊಡ್ಡ ಮೀನಿನಿಂದ. ಆದ್ರೆ ಮನೆಯಲ್ಲಿ ಎರಕ ಹೊಯ್ಯೋರಲ್ಲಿ ಕೆಲವರಿಗೆ ಪ್ಯಾನ್‌ಫಿಶ್ ಕೂಡ ಪ್ರಿಯ: ಬ್ಲೂಗಿಲ್, ಕ್ರಾಪಿ, ಪರ್ಚ್, ಅಂದ್ರೆ ಬಾಣಲೆಯಲ್ಲಿ ಇಡಿಯಾಗಿ ಹಿಡಿಯೋ ಸಣ್ಣ ಮೀನುಗಳು. ಬ್ಲೂಗಿಲ್‌ಗೆ ಪುಟ್ಟ ಬಾಯಿ, ಕ್ರಾಪಿ ಬಾಯಿಯ ಚರ್ಮ ಕಾಗದದಷ್ಟು ತೆಳು. ಒಂದೂವರೆ ಇಂಚಿನ ಹುಳು, ಒಂದು ಗ್ರಾಮಿಗೂ ಕಡಿಮೆ ತೂಕದ ಸೀಸದ ತಲೆಯ ಗಾಳ ಸಾಕು. ಇಷ್ಟು ಚಿಕ್ಕದಕ್ಕೆ ವಸ್ತು ಚಮಚದಷ್ಟೇ ಬೇಕು, ಅದಕ್ಕೇ ಮನೆಗೆ ಒಗ್ಗಿದ ಕಸುಬು.

ಅಚ್ಚಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಮಾದರಿ ಹುಳುವನ್ನ ಡಬ್ಬಿಯ ತಳಕ್ಕೆ ಅಂಟಿಸಿ ಮೇಲೆ ಪ್ಲಾಸ್ಟರ್ ಸುರಿಯೋದು, ಒಣಗಿದ ಮೇಲೆ ತೆಳು ಗೋಂದು ಬಳಿಯೋದು. ತೇವ ಉಳಿದ್ರೆ ಬಿಸಿ ದ್ರವ ತಾಗಿದಾಗ ಹಬೆಯೆದ್ದು ಸಿಡಿಯುತ್ತೆ, ಹುಳು ತುಂಬ ಗುಳ್ಳೆ. ಪ್ಲಾಸ್ಟಿಸಾಲ್ ಅಂದ್ರೆ ಮೆದುಗೊಳಿಸೋ ಎಣ್ಣೆಯಂಥ ದ್ರವದಲ್ಲಿ ತೇಲೋ ಪಿವಿಸಿ ಪುಡಿ, ಹಾಲಿನ ಹಾಗೆ ಬಿಳಿ. ಕಾಯಿಸ್ತಾ ಹೋದ್ರೆ ಮೊದಲು ರಾಗಿ ಗಂಜಿ ಹಾಗೆ ಗಟ್ಟಿಯಾಗಿ ಗಾಬರಿ ಹುಟ್ಟಿಸುತ್ತೆ. ಸುಮಾರು 175 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಮತ್ತೆ ತೆಳುವಾಗಿ ಪಾರದರ್ಶಕ ಆಗುತ್ತೆ. ಆಗ ಬಣ್ಣ, ಮಿಂಚು ಹಾಕಿ ಎರೆಯಬೇಕು. ಇನ್ನೂ ಕಾಯಿಸಿದ್ರೆ ಹಳದಿ ತಿರುಗಿ, ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತೆ. ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಅಡುಗೆಮನೆಯಲ್ಲಿ ಹುಟ್ಟಿದ ವಿದ್ಯೆಯನ್ನ ಇವತ್ತು ಅಡುಗೆಮನೆಯಲ್ಲಿ ಮಾಡಬಾರದು. ಗಾಳಿಯಾಡೋ ಶೆಡ್, ಬೇರೆಯೇ ಪಾತ್ರೆ ಬೇಕು.

ಮೆದುಗೊಳಿಸೋ ದ್ರವದ್ದೇ ಇನ್ನೊಂದು ತಕರಾರು. ಚಿಕ್ಕಂದಿನಲ್ಲಿ ಕಂಪಾಸ್ ಬಾಕ್ಸಿನಲ್ಲಿ ರಬ್ಬರು ಪ್ಲಾಸ್ಟಿಕ್ ಸ್ಕೇಲಿಗೆ ಅಂಟಿ ಸ್ಕೇಲೇ ಕರಗಿದ ಹಾಗೆ ಆಗ್ತಿತ್ತಲ್ಲ, ನೆನಪಿದೆಯಾ? ಅದೇ ದ್ರವದ ಕೆಲಸ. ಅದು ಪಿವಿಸಿಯೊಳಗೆ ಬಂಧಿಯಲ್ಲ, ಮೆಲ್ಲಗೆ ಹೊರಗೆ ಬರುತ್ತೆ. ಅದಕ್ಕೇ ಈ ಹುಳುಗಳನ್ನ ಕೆಲವು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ರೆ ಡಬ್ಬಿಗೇ ಅಂಟಿಕೊಳ್ತವೆ. ಇಂಥ ದ್ರವಗಳಲ್ಲಿ ಥಾಲೇಟ್ ಅನ್ನೋ ಒಂದು ಬಳಗವಿದೆ. ಅದರಲ್ಲಿ ಕೆಲವನ್ನ ಅಮೆರಿಕ 2008ರ ಕಾನೂನಿನಲ್ಲಿ ಮಕ್ಕಳ ಆಟಿಕೆಗಳಿಂದ ದೂರ ಇಟ್ಟಿತು. ಮೀನಿನ ಹುಳು ಆಟಿಕೆ ಅಲ್ಲವಲ್ಲ, ಕೆರೆಗೆ ಆ ಕಾನೂನು ಇಳಿಯಲಿಲ್ಲ. ಗಾಳದಿಂದ ಹರಿದು ಬಿದ್ದದ್ದು ತಳದಲ್ಲಿ ಊದಿಕೊಂಡು ವರ್ಷಗಟ್ಟಲೆ ಕೂತಿರುತ್ತೆ, ಮೀನು ನುಂಗಿದ್ರೆ ಜೀರ್ಣವಾಗಲ್ಲ.

ಒಳ್ಳೆ ಸುದ್ದಿ ಅಂದ್ರೆ, ಹಳೇ ಹುಳುವನ್ನ ಮತ್ತೆ ಕರಗಿಸಬಹುದು. ಮನೆಯಲ್ಲಿ ಎರಕ ಹೊಯ್ಯೋರಲ್ಲಿ ಹರಿದದ್ದನ್ನ ನೀರಿಗೆ ಬಿಸಾಡದೆ ಡಬ್ಬಿಯಲ್ಲಿ ಕೂಡಿಡೋರು ಬಹಳ. ಕೆಂಪು, ಹಸಿರು, ನೇರಳೆ ಎಲ್ಲ ಒಟ್ಟಿಗೆ ಕರಗಿದಾಗ ಸಾಮಾನ್ಯವಾಗಿ ಬರೋದು ಒಂದು ಮಬ್ಬು ಕಂದು, ಹೆಚ್ಚುಕಡಿಮೆ ಮಣ್ಣಿನ ಎರೆಹುಳುವಿನ ಬಣ್ಣ.